ಸೊರಗಿದ ಕಾಲಿಗೆ ಯಾವ ಕೋಡ್?

ಗದುಗಿನಿಂದ ಡಂಬಳದ ಮೇಲೆ ಹಾದು ಬರುವ ಬಸ್ಸಿನಲ್ಲಿ ಕೂತರೆ ಕಪ್ಪತಗುಡ್ಡದ ಸಾಲು ಬಹಳ ಹೊತ್ತು ಕಿಟಕಿಯಿಂದ ಕದಲುವುದಿಲ್ಲ. ನೆತ್ತಿಯಲ್ಲಿ ಗಾಳಿಯಂತ್ರಗಳು, ಬುಡದಲ್ಲಿ ಎರೆಹೊಲ. ಹತ್ತಿ ಬಿಡಿಸುವ ದಿನಗಳಾದ್ದರಿಂದ ಹೊಲಹೊಲದಲ್ಲೂ ಬಗ್ಗಿದ ಬೆನ್ನುಗಳು ಕಾಣುತ್ತಿದ್ದವು. ಸುಮಾರು 40 ಕಿ.ಮೀ. ಮುಗಿದು ಕನಕಪ್ಪನ ಗುಡ್ಡ ಕಂಡಿತೆಂದರೆ ಮುಂಡರಗಿ ಬಂತು. 1858ರಲ್ಲಿ ಬ್ರಿಟಿಷರಿಗೆ ಎದುರು ನಿಂತು ಪ್ರಾಣ ಕೊಟ್ಟ ಭೀಮರಾಯನ ಊರು, ಅನ್ನದಾನೀಶ್ವರ ಮಠದ ಊರು ಎಂದು ನಾಡು ಬಲ್ಲ ಪಟ್ಟಣ ಇದು. ತೋಳು, ತೊಡೆ, ಅಂಗೈ ಸೊರಗಿ ಸಣ್ಣಗಾದವರು ಇಂಥ ಒಂದು ತಾಲ್ಲೂಕಿನಲ್ಲಿ ಮೊದಲು ಯಾವ ಬಾಗಿಲಿಗೆ ಬರುತ್ತಾರೆ, ಅವರ ಚೀಟಿಯ ಮೇಲೆ ಏನು ಬರೆಯಲಾಗುತ್ತದೆ, ಆ ಬರಹ ಮುಂದೆ ಯಾವ ಸಂಖ್ಯೆಯಾಗಿ ಲೆಕ್ಕಕ್ಕೆ ಸೇರುತ್ತದೆ ಎಂದು ನಡೆದು ನೋಡುವುದಕ್ಕೆ ನಾನು ಬಂದಿದ್ದೆ.

ಸರ್ಕಾರಿ ಆಸ್ಪತ್ರೆಯ ಚೀಟಿ ಕಿಂಡಿಯ ಮುಂದೆ ಬೆಳಗಿನ ಸಾಲು ಆಗಲೇ ಬೆಳೆದಿತ್ತು. ಹಳ್ಳಿಗಳಿಂದ ಮೊದಲ ಬಸ್ಸಿಗೆ ಹೊರಟು ಬಂದವರೇ ಹೆಚ್ಚು. ಜ್ವರ, ಕೆಮ್ಮು, ಬಿ.ಪಿ., ಸಕ್ಕರೆ. ಅವರ ನಡುವೆ ಕಿವಿಗೊಟ್ಟು ನಿಂತರೆ ನಾನು ಹುಡುಕಿ ಬಂದ ಮಾತೂ ಕೇಳುತ್ತದೆ. “ಕಾಲಾಗ ಶಕ್ತಿನ ಇಲ್ರಿ.” “ಕೈ ಸಣ್ಣ ಆಗೇತ್ರಿ, ಕೊಡ ಎತ್ತಾಕ ಬರವಲ್ದು.” “ನಮ್ಮ ಹುಡುಗಗ ನೆಲದಿಂದ ಎದ್ದು ನಿಂದ್ರಾಕ ಆಗವಲ್ದ್ರಿ.” ಮೂರೂ ಒಂದೇ ತರಹದ ದೂರು ಅನ್ನಿಸುತ್ತದೆ. ಆದರೆ ಮೊದಲನೆಯವರದು ಸಕ್ಕರೆ ಕಾಯಿಲೆಯಿಂದ ತೊಡೆಯ ನರ ಕೆಟ್ಟದ್ದಾಗಿರಬಹುದು, ಎರಡನೆಯವರದು ಮಣಿಕಟ್ಟಿನಲ್ಲಿ ನರ ಒತ್ತಿಕೊಂಡದ್ದಾಗಿರಬಹುದು, ಮೂರನೆಯದು ಹುಟ್ಟಿನಿಂದಲೇ ಬಂದ ಜೀನಿನ ದೋಷವಾಗಿರಬಹುದು. ಸ್ನಾಯು ಸೊರಗುವುದು ಹತ್ತಾರು ಕಾಯಿಲೆಗಳು ಕೊನೆಗೆ ಮೈಮೇಲೆ ಬಿಟ್ಟುಹೋಗುವ ಗುರುತು. ಆ ಗುರುತನ್ನಷ್ಟೇ ಬರೆದು ಕಾರಣವನ್ನು ಬಿಟ್ಟರೆ ಮೂವರೂ ಒಂದೇ ಡಬ್ಬಿಯಲ್ಲಿ ಬಿದ್ದು ಮರೆಯಾಗುತ್ತಾರೆ. ದಿನಕ್ಕೆ ಇಷ್ಟೊಂದು ಜನರನ್ನು ನೋಡುವ ವೈದ್ಯರ ಕೈಗೆ ಒಂದೊಂದು ಚೀಟಿಗೆ ಸಿಗುವ ಹೊತ್ತು ಬಲು ಕಡಿಮೆ. ಆ ಹೊತ್ತಿನಲ್ಲಿ ಅವರು ಬರೆಯುವ ಒಂದು ಸಾಲಿನ ಬೆಲೆ ಎಷ್ಟು ದೊಡ್ಡದೆಂಬುದು ಈ ಊರನ್ನು ಸುತ್ತುತ್ತ ಹೋದಂತೆ ನನಗೆ ಖಚಿತವಾಯಿತು.

ಪಟ್ಟಣದ ಒಂದು ಫಿಸಿಯೋಥೆರಪಿ ಕೋಣೆಗೆ ಹೋದೆ. ಗೋಡೆಗೆ ಕಟ್ಟಿದ ರಾಟೆ, ಮರಳು ತುಂಬಿದ ತೂಕದ ಚೀಲಗಳು, ಒಂದು ಹಳೆಯ ವ್ಯಾಯಾಮದ ಸೈಕಲ್. ಮಂಚದ ಮೇಲೆ ಐವತ್ತರ ಆಸುಪಾಸಿನ ರೈತರೊಬ್ಬರು ಕಾಲು ಚಾಚಿ ಕೂತಿದ್ದರು. ಟ್ರ್ಯಾಕ್ಟರಿನಿಂದ ಬಿದ್ದು ಮೊಣಕಾಲ ಕೆಳಗಿನ ಎಲುಬು ಮುರಿದಿತ್ತು. ಪ್ಲಾಸ್ಟರ್ ಬಿಚ್ಚಿದ ಮೇಲೆ ನೋಡಿದರೆ ತಮ್ಮ ಕಾಲು ತಮಗೇ ಗುರುತು ಸಿಗಲಿಲ್ಲವಂತೆ. “ಎಲುವು ಕೂಡೇತ್ರಿ, ಆದ್ರ ತೊಡಿ ನೋಡ್ರಿ, ಸಣ್ಣ ಹುಡುಗರ ತೊಡಿ ಆಗೇತಿ” ಎಂದು ತೋರಿಸಿದರು.

ಥೆರಪಿಸ್ಟ್ ತಾಯಿ ಟೇಪು ತೆಗೆದರು. ಮೊಣಕಾಲ ಚಿಪ್ಪಿನ ಮೇಲಂಚಿನಿಂದ 15 ಸೆಂ.ಮೀ. ಮೇಲಕ್ಕೆ ಪೆನ್ನಿನಲ್ಲಿ ಗೆರೆ ಎಳೆದು ಅಲ್ಲಿ ಸುತ್ತಳತೆ ತೆಗೆದರು. ಇನ್ನೊಂದು ಕಾಲಿಗೂ ಅದೇ ದೂರ, ಅದೇ ಗೆರೆ. ಎರಡೂ ಅಳತೆಗಳನ್ನು ತಾರೀಖಿನ ಜತೆ ಬರೆದರು. ಕಣ್ಣಿಗೆ ಸಣ್ಣದೆನಿಸುವುದು ಬೇರೆ, ಇಷ್ಟು ಸೆಂಟಿಮೀಟರ್ ಸಣ್ಣದು ಎಂದು ದಾಖಲಾಗುವುದು ಬೇರೆ. ಎರಡು ತಿಂಗಳ ನಂತರ ಮತ್ತೆ ಅಳೆದಾಗ ಏರಿದೆಯೋ ಇಳಿದಿದೆಯೋ ಹೇಳಬಲ್ಲದ್ದು ಈ ಅಂಕಿಯೊಂದೇ. ಆಮೇಲೆ ಶಕ್ತಿಯ ಪರೀಕ್ಷೆ. ಸೊನ್ನೆಯಿಂದ ಐದರವರೆಗಿನ ದರ್ಜೆ. ಸ್ನಾಯು ಮಿಡುಕದಿದ್ದರೆ ಸೊನ್ನೆ, ಮಿಡುಕಿದರೂ ಅಂಗ ಅಲುಗದಿದ್ದರೆ ಒಂದು, ಭಾರವಿಲ್ಲದಂತೆ ಮಲಗಿಸಿದಾಗ ಅಲುಗಿದರೆ ಎರಡು, ಭೂಮಿಯ ಎಳೆತ ಮೀರಿ ಎತ್ತಿದರೆ ಮೂರು, ಅಡ್ಡ ಹಿಡಿದ ಕೈಯನ್ನು ತುಸು ತಳ್ಳಿದರೆ ನಾಲ್ಕು, ಪೂರ್ತಿ ಶಕ್ತಿಗೆ ಐದು. ಎರಡನೇ ಮಹಾಯುದ್ಧದಲ್ಲಿ ನರ ಕಡಿದು ಬಂದ ಸೈನಿಕರನ್ನು ಪರೀಕ್ಷಿಸಲು ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ 1943ರಲ್ಲಿ ಹೊರತಂದ ಕೈಪಿಡಿಯ ದರ್ಜೆ ಇದು. ಇಂದಿಗೂ ಪ್ರಪಂಚವೆಲ್ಲ ಇದನ್ನೇ ಬಳಸುತ್ತದೆ. ರೈತರಿಗೆ ಸಿಕ್ಕಿದ್ದು ನಾಲ್ಕು. “ದಿನಾ ಹೇಳಿದಷ್ಟು ಮಾಡಿದ್ರ ತೊಡಿ ತುಂಬತೈತ್ರಿ ಯಜಮಾನ್ರ” ಎಂದರು ಆಕೆ.

ಕಾಯಿಲೆಗಳಿಗೆ ಸಂಖ್ಯೆ ಕೊಡುವ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಈ ತೊಡೆಗೆ ಸಲ್ಲುವ ಕೋಡ್ ಎಂ 62.5. ಬೇರೆಡೆ ವರ್ಗೀಕರಿಸದ ಸ್ನಾಯು ಸವಕಳಿ ಮತ್ತು ಕ್ಷೀಣತೆ ಎಂಬುದು ಅದರ ತಲೆಬರಹ. ಬಳಸದೆ ಬಿಟ್ಟದ್ದರಿಂದ ಸೊರಗಿದ ಸ್ನಾಯುವಿನ ಉಲ್ಲೇಖ ಅದರಡಿಯಲ್ಲೇ ಬರುತ್ತದೆ. ರೈತರ ಮಟ್ಟಿಗೆ ಆ ಸಂಖ್ಯೆ ನೂರಕ್ಕೆ ನೂರು ಸರಿ. ಕೆಡುಕು ಶುರುವಾಗುವುದು ಸೊರಗಿದ ಕೈಕಾಲು ಕಂಡಲ್ಲೆಲ್ಲ ಅದೇ ಸಂಖ್ಯೆ ಬರೆದಾಗ.

ಸಂಖ್ಯೆಗಳ ಮೂಲ ಪುಸ್ತಕ ನೋಡಲು ಮಠದ ಕಡೆಯ ಓಣಿಯೊಂದರಲ್ಲಿರುವ ಹಿರಿಯರೊಬ್ಬರ ಮನೆಗೆ ನಡೆದೆ. ದೊಡ್ಡ ಆಸ್ಪತ್ರೆಯೊಂದರ ದಾಖಲೆ ವಿಭಾಗದಲ್ಲಿ ಬಹುಕಾಲ ದುಡಿದು ನಿವೃತ್ತರಾದವರು. ಅಂತರರಾಷ್ಟ್ರೀಯ ರೋಗ ವರ್ಗೀಕರಣದ (ಐಸಿಡಿ) ಹತ್ತನೇ ಆವೃತ್ತಿಯ ಮೂರು ದಪ್ಪ ಸಂಪುಟಗಳು ಅವರ ಕಪಾಟಿನಲ್ಲಿ ಇನ್ನೂ ಇವೆ, ಅಂಚುಗಳು ಬೆರಳ ಬೆವರಿಗೆ ಕಪ್ಪಾಗಿವೆ. ಫ್ರಾನ್ಸಿನ ಜಾಕ್ ಬರ್ಟಿಯೋಂ 1893ರಲ್ಲಿ ಷಿಕಾಗೋದ ಸಭೆಯಲ್ಲಿ ಒಪ್ಪಿಸಿದ ಸಾವಿನ ಕಾರಣಗಳ ಪಟ್ಟಿಯಿಂದ ಈ ವಂಶ ಬೆಳೆಯಿತು. 1948ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕೈಗೆತ್ತಿಕೊಂಡು, ಸಾಯದವರ ಕಾಯಿಲೆಗಳನ್ನೂ ಅದರೊಳಗೆ ಸೇರಿಸಿತು. ಹತ್ತನೇ ಆವೃತ್ತಿಗೆ ಒಪ್ಪಿಗೆ ಸಿಕ್ಕಿದ್ದು 1990ರಲ್ಲಿ. ಹನ್ನೊಂದನೆಯದು 2022ರ ಜನವರಿ 1ರಿಂದ ಜಾರಿಗೆ ಬಂದಿದೆಯಾದರೂ ನಮ್ಮ ದಾಖಲೆ ಕೋಣೆಗಳಲ್ಲಿ ಹತ್ತನೆಯದರ ರೂಢಿ ಇನ್ನೂ ಗಟ್ಟಿಯಾಗಿದೆ.

ಹಿರಿಯರು ಮೂರನೇ ಸಂಪುಟ ಬಿಡಿಸಿದರು. ಅದು ಅಕಾರಾದಿ. ಕ್ಷೀಣತೆ, ಅದರ ಕೆಳಗೆ ಸ್ನಾಯು, ಎದುರಿಗೆ ಎಂ 62.5. “ಇಲ್ಲಿಗೆ ಪೆನ್ನು ಹಚ್ಚಿಬಿಟ್ರ ಕೆಟ್ಟಿರಿ ನೋಡ್ರಿ” ಎಂದರು. “ಮೂರನೇ ಪುಸ್ತಕದಾಗ ಸಿಕ್ಕಿದ್ದನ್ನ ಒಂದನೇ ಪುಸ್ತಕದಾಗ ತಗದು ನೋಡಬೇಕು. ಅಲ್ಲಿ ಏನು ಸೇರತೈತಿ, ಏನು ಸೇರಂಗಿಲ್ಲ ಅಂತ ಬರ್ದಿರತಾರ. ಅದನ್ನ ಓದದವ ಕೋಡ್ ಹಾಕಬಾರದು.” ಹುಡುಗರಿಗೆ ಕಲಿಸಿ ಕಲಿಸಿ ರೂಢಿಯಾದ ಮಾತು. ತಲೆಬರಹದ “ಬೇರೆಡೆ ವರ್ಗೀಕರಿಸದ” ಎಂಬ ಷರತ್ತಿನ ಮೇಲೆ ಬೆರಳಿಟ್ಟು, ಬೇರೆಡೆ ಯಾವ ಯಾವ ಮನೆಗಳಿವೆಯೆಂದು ತೋರಿಸಿದರು. ಬೆನ್ನುಹುರಿಯ ನರಕೋಶಗಳೇ ಸತ್ತು ಸೊರಗಿದರೆ ನರಮಂಡಲದ ಅಧ್ಯಾಯದ ಜಿ 12. ಸ್ನಾಯುವಿನೊಳಗಿನ ಜೀನಿನ ದೋಷದಿಂದಾದರೆ ಜಿ 71. ಪೋಲಿಯೊ ಬಿಟ್ಟುಹೋದದ್ದಾದರೆ ಬಿ 91. ಕುಷ್ಠದ ನರಹಾನಿಯಾದರೆ ಎ 30, ಕಾಯಿಲೆ ವಾಸಿಯಾಗಿ ಊನವಷ್ಟೇ ಉಳಿದಿದ್ದರೆ ಬಿ 92. ಮಣಿಕಟ್ಟಿನಲ್ಲಿ ನರ ಒತ್ತಿದ್ದರೆ ಜಿ 56.0. ಹಸಿವಿನಿಂದ ಮಗುವಿನ ಮಾಂಸ ಕರಗಿದ್ದರೆ ಇ 41. ಕ್ಯಾನ್ಸರಿನಂಥ ಕಾಯಿಲೆಯಲ್ಲಿ ಇಡೀ ಮೈ ಕರಗಿದ್ದರೆ ಆರ್ 64.

ನನ್ನ ಮನಸ್ಸನ್ನು ಹಿಡಿದದ್ದು ಸಕ್ಕರೆ ಕಾಯಿಲೆಯ ತೊಡೆ. ಅದಕ್ಕೆ ಎರಡು ಸಂಖ್ಯೆಗಳು ಬೇಕು. ಮೂಲ ಕಾಯಿಲೆಯಾದ ಮಧುಮೇಹಕ್ಕೆ ಒಂದು, ಅದರ ಪಕ್ಕದಲ್ಲಿ ಬಾಕುವಿನ ಚಿಹ್ನೆ. ತೊಡೆಯ ಸ್ನಾಯು ಸೊರಗಿದ್ದಕ್ಕೆ ಜಿ 73.0, ಅದರ ಪಕ್ಕದಲ್ಲಿ ನಕ್ಷತ್ರ. ನಕ್ಷತ್ರದ ಸಂಖ್ಯೆ ಎಂದೂ ಒಂಟಿಯಾಗಿ ನಿಲ್ಲುವಂತಿಲ್ಲ, ಬಾಕುವಿನದು ಮುಂದೆ ಇರಲೇಬೇಕು. ಕಣ್ಣಿಗೆ ಕಾಣುವ ಲಕ್ಷಣಕ್ಕಿಂತ ಕಾಣದ ಕಾರಣಕ್ಕೆ ಮೊದಲ ಸ್ಥಾನ ಎಂದು ಪುಸ್ತಕ ನಿಯಮ ಮಾಡಿಟ್ಟಿದೆ. ಇಷ್ಟು ವಿವೇಕದಿಂದ ಕಟ್ಟಿದ ವ್ಯವಸ್ಥೆಗೆ ನಾವು ಒದಗಿಸುವ ಸರಕು ಎಷ್ಟೋ ಸಲ “ನಿಶ್ಶಕ್ತಿ” ಎಂಬ ಒಂದೇ ಪದ. ನನಗೆ ಇದು ನೋವಿನ ಸಂಗತಿ.

ಮಧ್ಯಾಹ್ನ ಭೇಟಿಯಾದ ಹುಡುಗಿ ಇದೇ ಪುಸ್ತಕದ ಅಮೆರಿಕದ ರೂಪವನ್ನು ಬದುಕಿಗೆ ದಾರಿ ಮಾಡಿಕೊಂಡಿದ್ದಾಳೆ. ಬಿ.ಎಸ್ಸಿ. ಮುಗಿಸಿ, ಬೆಂಗಳೂರಿನಲ್ಲಿ ಮೆಡಿಕಲ್ ಕೋಡಿಂಗ್ ತರಬೇತಿ ಪಡೆದು, ಈಗ ಮುಂಡರಗಿಯ ತವರಿನಿಂದಲೇ ಕೆಲಸ. ಪಡಸಾಲೆಯ ಮೂಲೆಯಲ್ಲಿ ಎರಡು ಪರದೆಗಳು. ಒಂದರಲ್ಲಿ ಸಾಗರದಾಚೆಯ ವೈದ್ಯರು ಬರೆದ ಟಿಪ್ಪಣಿ, ಇನ್ನೊಂದರಲ್ಲಿ ಕೋಡಿನ ಪಟ್ಟಿ. ರೋಗಿಯ ಗುಟ್ಟಿನ ಮಾತಾದ್ದರಿಂದ ಪರದೆಯತ್ತ ನನ್ನನ್ನು ಬಿಡಲಿಲ್ಲ. ಅದು ನನಗೆ ಮೆಚ್ಚುಗೆಯಾಯಿತು. ನಿಯಮವನ್ನಷ್ಟೇ ಕಾಗದದ ಮೇಲೆ ಬರೆದು ತಿಳಿಸಿದಳು.

ಅಮೆರಿಕದವರು ತಮ್ಮ ಹತ್ತನೇ ಆವೃತ್ತಿಯನ್ನು 2015ರ ಅಕ್ಟೋಬರ್ 1ರಿಂದ ಬಳಸುತ್ತಿದ್ದಾರೆ. ಅದರಲ್ಲಿ 70 ಸಾವಿರದಷ್ಟು ಕೋಡುಗಳು. ನಮ್ಮಲ್ಲಿ ಎಂ 62.5 ಎಂದರೆ ಮುಗಿಯಿತು ಅನ್ನುವಲ್ಲಿ ಅವರು ಮುಂದಿನ ಅಂಕಿಯಲ್ಲಿ ಮೈಯ ಯಾವ ಭಾಗವೆಂದೂ, ಅದರ ಮುಂದಿನದರಲ್ಲಿ ಎಡವೋ ಬಲವೋ ಎಂದೂ ಕೇಳುತ್ತಾರೆ. ಬಲಗಾಲ ಮೀನಖಂಡಕ್ಕೆ ಎಂ 62.561, ಎಡಗಾಲಿಗೆ ಎಂ 62.562. ಬೆನ್ನಿನ ಸ್ನಾಯುಗಳಿಗೆ ಕತ್ತು, ಎದೆ, ಸೊಂಟ ಎಂದು ಬೇರೆ ಬೇರೆ ಸಂಖ್ಯೆ ಬಂದದ್ದು 2022ರ ಅಕ್ಟೋಬರಿನಲ್ಲಿ. ಮುಪ್ಪಿನಲ್ಲಿ ಮಾಂಸ ಕರಗುವ ಸಾರ್ಕೋಪೀನಿಯಾ 2016ರಲ್ಲೇ ಎಂ 62.84 ಎಂಬ ಸ್ವಂತ ಸಂಖ್ಯೆ ಪಡೆಯಿತು. ಎರಡು ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು ಓದುವವರು ಎಚ್ಚರ ತಪ್ಪಬಾರದ ಒಂದು ಜಾಗವನ್ನೂ ಆಕೆ ತೋರಿಸಿದಳು. ವಿಶ್ವ ಆರೋಗ್ಯ ಸಂಸ್ಥೆಯ ಪದ್ಧತಿಯಲ್ಲಿ ಕೊನೆಯ ಸೊನ್ನೆ ಎಂದರೆ ಹಲವು ಜಾಗಗಳಲ್ಲಿ, ಒಂಬತ್ತು ಎಂದರೆ ಜಾಗ ತಿಳಿಸಿಲ್ಲ. ಅಮೆರಿಕದ ಎಂ 62.50 ಎಂದರೆ ಜಾಗ ತಿಳಿಸಿಲ್ಲ, ಎಂ 62.59 ಎಂದರೆ ಹಲವು ಜಾಗಗಳಲ್ಲಿ. ಪೂರ್ತಿ ತಿರುವುಮುರುವು. ಒಂದು ದೇಶದ ಪಟ್ಟಿಯನ್ನು ಕಲಿತವರು ಇನ್ನೊಂದರ ಲೆಕ್ಕ ತೆಗೆಯುವಾಗ ಮೈಯೆಲ್ಲ ಸೊರಗಿದವರು ಎಲ್ಲಿ ಸೊರಗಿದೆಯೆಂದೇ ಗೊತ್ತಿಲ್ಲದವರಾಗಿಬಿಡುತ್ತಾರೆ.

ಆಕೆ ಹೇಳಿದ ಮತ್ತೊಂದು ನಿಯಮ ನನಗೆ ಇವೆಲ್ಲಕ್ಕಿಂತ ಮುಖ್ಯವೆನಿಸಿತು. ಟಿಪ್ಪಣಿಯಲ್ಲಿ ಎಡತೊಡೆ ಸಣ್ಣದೆಂದೂ, ಅಳತೆ ಇಷ್ಟೆಂದೂ, ರೋಗಿಗೆ ಬಹುಕಾಲದಿಂದ ಮಧುಮೇಹವಿದೆಯೆಂದೂ ಇದ್ದರೂ ಕೋಡರ್ ತಾನೇ ಎರಡನ್ನೂ ಗಂಟುಹಾಕಿ ಹೊಸ ಕಾಯಿಲೆ ಹುಟ್ಟಿಸುವಂತಿಲ್ಲ. ರೋಗನಿರ್ಣಯ ವೈದ್ಯರದು. ಅನುಮಾನ ಬಂದರೆ ವೈದ್ಯರಿಗೆ ಪ್ರಶ್ನೆ ಕಳಿಸಬೇಕು, ಉತ್ತರ ಬರುವ ತನಕ ಕಾಯಬೇಕು. ಅದಕ್ಕೆ ಅವರು ಕ್ವೆರಿ ಎನ್ನುತ್ತಾರೆ. ಮುಂಡರಗಿಯ ಪಡಸಾಲೆಯಲ್ಲಿ ಕೂತ ಹುಡುಗಿಯೊಬ್ಬಳು ಓಹಾಯೊ ಕಡೆಯ ಯಾವುದೋ ಅಜ್ಜಿಯ ತೊಡೆಯ ಬಗ್ಗೆ ಅಲ್ಲಿನ ವೈದ್ಯರಿಗೆ ಪ್ರಶ್ನೆ ಕೇಳಬಲ್ಲಳು. ಆಕೆಯ ಸ್ವಂತ ಅಜ್ಜಿಯ ಚೀಟಿಯನ್ನು ಓದಿ ಹಾಗೆ ಪ್ರಶ್ನೆ ಕೇಳುವವರು ನಮ್ಮ ವ್ಯವಸ್ಥೆಯಲ್ಲಿ ಇರಬೇಕು. ಇಂಥ ತರಬೇತಿ ಪಡೆದ ಯುವಕ ಯುವತಿಯರು ನಮ್ಮ ಸಣ್ಣ ಪಟ್ಟಣಗಳಲ್ಲೇ ಇದ್ದಾರೆ. ಅವರಲ್ಲಿ ಕೆಲವರನ್ನಾದರೂ ನಮ್ಮ ಸರ್ಕಾರಿ ಆಸ್ಪತ್ರೆಗಳು ಕರೆದು ಕೆಲಸ ಕೊಡಲಿ ಎಂದು ನಾನು ಮನಸಾರೆ ಬಯಸುತ್ತೇನೆ.

ಅಂಗವಿಕಲರ ತಪಾಸಣೆಯ ದಿನ ಕಂಡ ಹುಡುಗನ ವಿಷಯಕ್ಕೆ ಬರುತ್ತೇನೆ. ಎಂಟು ವರ್ಷವಿರಬಹುದು. ವೈದ್ಯರು ನೆಲದ ಮೇಲೆ ಕೂಡಿಸಿ ಏಳು ಎಂದರು. ಹುಡುಗ ಮೊದಲು ಮಗ್ಗುಲಾದ, ಕೈಯೂರಿ ಸೊಂಟ ಎತ್ತಿದ, ಆಮೇಲೆ ತನ್ನ ಮೊಣಕಾಲು, ತೊಡೆಗಳ ಮೇಲೆ ಅಂಗೈ ಇಟ್ಟು ಮೇಲೆ ಮೇಲೆ ಸರಿಸುತ್ತ ನಿಂತ. ಗವರ್ಸ್ ಎಂಬ ಇಂಗ್ಲೆಂಡಿನ ವೈದ್ಯ ಹತ್ತೊಂಬತ್ತನೇ ಶತಮಾನದಲ್ಲೇ ಬರೆದಿಟ್ಟ ಗುರುತು ಇದು. ಹುಡುಗನ ತೊಡೆ ಬಡಕಲು, ಮೀನಖಂಡ ಮಾತ್ರ ದಪ್ಪ. “ಕಾಲು ಗಟ್ಟಿನ ಅದಾವ್ರಿ, ನಡೀವಾಗ ಯಾಕ ಬೀಳ್ತಾನೋ ಗೊತ್ತಿಲ್ರಿ” ಎಂದಳು ತಾಯಿ. ಆ ದಪ್ಪ ಶಕ್ತಿಯಲ್ಲ, ನಾಶವಾದ ಸ್ನಾಯುವಿನ ಜಾಗದಲ್ಲಿ ಸೇರಿಕೊಂಡ ಕೊಬ್ಬು ಮತ್ತು ನಾರು. ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿಯ ಸಂಶಯ. ಹುಟ್ಟುವ 3,500ರಿಂದ 5,000 ಗಂಡುಮಕ್ಕಳಲ್ಲಿ ಒಬ್ಬನಿಗೆ ಬರುವ ಕಾಯಿಲೆ. ರಕ್ತದಲ್ಲಿ ಕ್ರಿಯಾಟಿನ್ ಕೈನೇಸ್ ಪರೀಕ್ಷೆ, ಅದು ವಿಪರೀತ ಏರಿದ್ದರೆ ಜೀನ್ ಪರೀಕ್ಷೆ.

“ಸೋದರಮಾವಗ ಕೊಟ್ಟಿದ್ದಕ್ಕ ಹಿಂಗಾತು ಅಂತ ಮನ್ಯಾಗ ಅಂತಾರ್ರಿ” ಎಂದು ತಾಯಿ ತಲೆ ತಗ್ಗಿಸಿದಳು. ಕರ್ನಾಟಕದಲ್ಲಿ ಸುಮಾರು ಕಾಲುಭಾಗ ಮದುವೆಗಳು ರಕ್ತಸಂಬಂಧದೊಳಗೇ ನಡೆಯುತ್ತವೆ. ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ, ಸೊಂಟ-ಭುಜಗಳ ಕೆಲವು ಡಿಸ್ಟ್ರೋಫಿಗಳು ತಂದೆ ತಾಯಿ ಇಬ್ಬರಿಂದಲೂ ದೋಷದ ಪ್ರತಿ ಬಂದಾಗ ಕಾಣಿಸುವಂಥವು. ಅವುಗಳಿಗೆ ಇಂಥ ಮದುವೆ ದಾರಿ ಮಾಡುತ್ತದೆ, ನಿಜ. ಡುಶೆನ್‌ನ ಕಥೆ ಬೇರೆ. ಅದು ಎಕ್ಸ್ ವರ್ಣತಂತುವಿನ ದೋಷ. ಯಾರನ್ನು ಮದುವೆಯಾಗಿದ್ದರೂ ಬರಬಹುದಿತ್ತು. ಸುಮಾರು ಮೂರರಲ್ಲೊಂದು ಪ್ರಕರಣದಲ್ಲಿ ತಾಯಿಯಲ್ಲೂ ದೋಷವಿಲ್ಲದೆ ಮಗುವಿನಲ್ಲೇ ಹೊಸದಾಗಿ ಹುಟ್ಟುತ್ತದೆ. ಕಾಯಿಲೆಯ ಸರಿಯಾದ ಹೆಸರು ಈ ತಾಯಿಯ ಮೇಲಿನ ಸುಳ್ಳು ಆಪಾದನೆಯನ್ನು ತೆಗೆಯಬಲ್ಲದು. ಇನ್ನೂ ಮಕ್ಕಳಾಗದ ಆಕೆಯ ತಂಗಿ ಪರೀಕ್ಷೆ ಮಾಡಿಸಿಕೊಳ್ಳಬೇಕೋ ಬೇಡವೋ ಎಂಬುದನ್ನೂ ಅದೇ ಹೇಳುತ್ತದೆ. ಸ್ಟೀರಾಯ್ಡ್ ಔಷಧ ಹೊತ್ತಿಗೆ ಸರಿಯಾಗಿ ಶುರುವಾದರೆ ಹುಡುಗ ಇನ್ನಷ್ಟು ವರ್ಷ ನಡೆಯಬಲ್ಲ, ಹೃದಯದ ಮೇಲೆ ಕಣ್ಣಿಡಲು ಆಗುತ್ತದೆ.

ಕಾನೂನಿನಲ್ಲೂ ಹೆಸರಿನ ಪ್ರಶ್ನೆಯೇ. 1995ರ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯಗಳಷ್ಟೇ ಇದ್ದವು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಅವನ್ನು 21ಕ್ಕೆ ಏರಿಸಿ, ಮಸ್ಕ್ಯುಲರ್ ಡಿಸ್ಟ್ರೋಫಿಯನ್ನು ಹೆಸರು ಹಿಡಿದು ಸೇರಿಸಿತು. ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡಿನಲ್ಲಿ ಶೇ 40 ಅಥವಾ ಅದಕ್ಕಿಂತ ಹೆಚ್ಚು ಎಂದು ದಾಖಲಾದರೆ ಮೀಸಲಾತಿ, ಪಿಂಚಣಿಯಂಥ ಸೌಲಭ್ಯಗಳ ಬಾಗಿಲು ತೆರೆಯುತ್ತದೆ. ಈ ಹುಡುಗನ ಕೈಲಿದ್ದ ಹಳೆಯ ಚೀಟಿಯಲ್ಲಿ, ಅದು ಬೇರೊಂದು ಊರಿನದು, ಸ್ನಾಯು ದೌರ್ಬಲ್ಯ ಎಂದಿತ್ತು, ಟಾನಿಕ್ ಬರೆದುಕೊಟ್ಟಿದ್ದರು. ತಪಾಸಣೆಯ ವೈದ್ಯರು ಕಾಯಿಲೆಯ ಪೂರ್ತಿ ಹೆಸರನ್ನು ಸಂಶಯದ ಗುರುತಿನೊಂದಿಗೆ ಬರೆದು, ಗದುಗಿನ ವೈದ್ಯಕೀಯ ಸಂಸ್ಥೆ ಜಿಮ್ಸ್‌ಗೆ ಹೋಗಲು ಹೇಳಿದರು. ಪೂರ್ತಿ ಹೆಸರು ಬೇಕಾಗುವುದಕ್ಕೆ ಕಾರಣವಿದೆ. ವಿಶ್ವ ಆರೋಗ್ಯ ಸಂಸ್ಥೆಯ ಹತ್ತನೇ ಪುಸ್ತಕದಲ್ಲಿ ಡುಶೆನ್, ಬೆಕರ್, ಸೊಂಟ-ಭುಜದ ಡಿಸ್ಟ್ರೋಫಿ ಎಲ್ಲಕ್ಕೂ ಜಿ 71.0 ಒಂದೇ. ಸಂಖ್ಯೆ ನಿಂತ ಮೇಲೂ ಕಾಯಿಲೆ ಯಾವುದೆಂದು ಹೇಳುವುದು ವೈದ್ಯರ ಅಕ್ಷರ.

ಇದೇ ಮಾತಿಗೆ ನಮ್ಮ ಕರ್ನಾಟಕದ್ದೇ ಒಂದು ಹೆಮ್ಮೆಯ ಅಧ್ಯಾಯವಿದೆ, ಅದನ್ನು ನೆನಪಿಸಿದ್ದು ಆ ತಪಾಸಣೆಯ ಸಾಲಿನಲ್ಲಿದ್ದ ಒಬ್ಬ ಯುವಕ. ಇಪ್ಪತ್ತರ ವಯಸ್ಸು. ಬಲಗೈ ಮಾತ್ರ ಸೊರಗಿದೆ. ಅಂಗೈ ಹಳ್ಳ ಬಿದ್ದಿದೆ, ಮುಂಗೈಯ ಒಳಮಗ್ಗುಲು ಬತ್ತಿದೆ. ನೋವಿಲ್ಲ, ಜೋಮಿಲ್ಲ. ಚಳಿಗಾಲದ ಬೆಳಿಗ್ಗೆ ಬೆರಳು ಮಾತು ಕೇಳುವುದಿಲ್ಲವಂತೆ. ಎಲ್ಲೋ ಯಾರೋ ಮೋಟಾರ್ ನ್ಯೂರಾನ್ ಕಾಯಿಲೆ ಎಂದರು. ಮನೆಯವರು ಮೊಬೈಲಿನಲ್ಲಿ ಹುಡುಕಿ ಓದಿ, ಮಗ ಕೆಲವೇ ವರ್ಷ ಉಳಿಯುತ್ತಾನೆಂದು ಊಟ ಬಿಟ್ಟರು.

ಒಂದೇ ಕೈ ಅಥವಾ ಒಂದೇ ಕಾಲು ಸೊರಗಿ, ಕೆಲವು ವರ್ಷ ನಿಧಾನ ಬೆಳೆದು, ಆಮೇಲೆ ತಾನಾಗಿಯೇ ನಿಲ್ಲುವ ಇನ್ನೊಂದು ಕಾಯಿಲೆ ಇದೆ. ಹೆಚ್ಚಾಗಿ ಹದಿಹರೆಯದ ಮತ್ತು ಇಪ್ಪತ್ತರ ಹರೆಯದ ಗಂಡುಹುಡುಗರಿಗೆ ಬರುತ್ತದೆ. ಜಪಾನಿನ ಹಿರಾಯಾಮ 1959ರಲ್ಲಿ ಕೈಯದನ್ನು ವರ್ಣಿಸಿದ್ದರು. ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಎಂ. ಗೌರಿದೇವಿ ಮತ್ತು ಸಂಗಡಿಗರು ತಮ್ಮಲ್ಲಿಗೆ ಬಂದ ಇಂಥ 23 ರೋಗಿಗಳನ್ನು ಕಂಡು, ಪರೀಕ್ಷಿಸಿ, 1984ರಲ್ಲಿ ಮೋನೋಮೆಲಿಕ್ ಅಮಯೋಟ್ರೋಫಿ ಎಂಬ ಹೆಸರಿನಲ್ಲಿ ಅಮೆರಿಕದ ಆರ್ಕೈವ್ಸ್ ಆಫ್ ನ್ಯೂರಾಲಜಿ ಪತ್ರಿಕೆಯಲ್ಲಿ ಬರೆದರು. ಮುಂದೆ ಅವರು ನಿಮ್ಹಾನ್ಸ್‌ನ ನಿರ್ದೇಶಕರೂ ಆದರು. ಕೈಯ ಬಗೆಯಲ್ಲಿ ಕತ್ತು ಮುಂದೆ ಬಾಗಿದಾಗ ಬೆನ್ನುಹುರಿಯ ಹೊದಿಕೆ ಮುಂದಕ್ಕೆ ಸರಿದು ಹುರಿಯನ್ನು ಒತ್ತುತ್ತದೆಯೆಂದು ಕತ್ತು ಬಗ್ಗಿಸಿ ತೆಗೆದ ಎಂಆರ್‌ಐ ಚಿತ್ರಗಳಲ್ಲಿ ಮುಂದೆ ಕಂಡುಬಂತು. ಕತ್ತಿನ ಪಟ್ಟಿ ತೊಟ್ಟರೆ ಹಲವರಲ್ಲಿ ಕಾಯಿಲೆ ಬೇಗ ನಿಲ್ಲುತ್ತದೆ. ಮಾಮೂಲಿನಂತೆ ಮಲಗಿಸಿ ತೆಗೆದ ಚಿತ್ರದಲ್ಲಿ ಈ ಒತ್ತಡ ತಪ್ಪಿಹೋಗಬಹುದು. ಆದ್ದರಿಂದ ವೈದ್ಯರು ಹಿರಾಯಾಮ ಸಂಶಯ ಎಂದು ಬರೆದು ಕಳಿಸಿದರೆ ಮಾತ್ರ ಸ್ಕ್ಯಾನ್ ಮಾಡುವವರು ಕತ್ತು ಬಗ್ಗಿಸಿ ತೆಗೆಯುತ್ತಾರೆ. ಹತ್ತನೇ ಪುಸ್ತಕದಲ್ಲಿ ಇದಕ್ಕೆ ಸ್ವಂತ ಸಂಖ್ಯೆಯಿಲ್ಲ, ಜಿ 12ರ ಬಳಗದಲ್ಲೇ ಜಾಗ ಹುಡುಕಿಕೊಡಬೇಕು. ಜೀವಕ್ಕೆ ಅಪಾಯವಿಲ್ಲದ ಕಾಯಿಲೆಯೂ ಜೀವ ತೆಗೆಯುವ ಕಾಯಿಲೆಯೂ ಒಂದೇ ಬಳಗದಲ್ಲಿ ಅಕ್ಕಪಕ್ಕ ಕೂತಿವೆ. ಯುವಕನಿಗೆ ಧಾರವಾಡದ ಡಿಮ್ಹಾನ್ಸ್ ಅಥವಾ ಹುಬ್ಬಳ್ಳಿಯ ಕಿಮ್ಸ್‌ಗೆ ಹೋಗಲು ಹೇಳಿದರು. ಅವನ ಅಪ್ಪ ಆ ಚೀಟಿಯನ್ನು ಮಡಚಿ ಅಂಗಿಯ ಒಳಜೇಬಿಗೆ ಇಟ್ಟುಕೊಂಡು, “ಅಂದ್ರ ಸಾಯಂಗಿಲ್ಲಲ್ರಿ?” ಎಂದು ಮತ್ತೆ ಮತ್ತೆ ಕೇಳಿದ.

ಪೋಲಿಯೊದಿಂದ ಕಾಲು ಸೊರಗಿದವರು ಈಗ ಮಧ್ಯವಯಸ್ಸು ದಾಟುತ್ತಿದ್ದಾರೆ. ವೈಲ್ಡ್ ಪೋಲಿಯೊ ವೈರಸ್ಸಿನಿಂದಾದ ದೇಶದ ಕೊನೆಯ ಪ್ರಕರಣ 2011ರ ಜನವರಿ 13ರದು, 2014ರ ಮಾರ್ಚ್ 27ರಂದು ಪೋಲಿಯೊಮುಕ್ತ ಪ್ರಮಾಣಪತ್ರ ಸಿಕ್ಕಿತು. ಅದೇ ತಪಾಸಣೆಗೆ ಮೂರು ಗಾಲಿಯ ಗಾಡಿಯಲ್ಲಿ ಬಂದಿದ್ದ ಅಂಗಡಿಕಾರರೊಬ್ಬರು ಈಚೆಗೆ ಚೆನ್ನಾಗಿದ್ದ ಕಾಲಿನಲ್ಲೂ ಸೋಲು ಬರುತ್ತಿದೆ ಎಂದರು. ಹಳೆಯ ಊನಕ್ಕೆ ಬಿ 91 ಇದೆ. ದಶಕಗಳ ನಂತರ ಮತ್ತೆ ಶಕ್ತಿ ಕುಗ್ಗುವುದಕ್ಕೆ ಜಿ 14 ಎಂಬ ಬೇರೆ ಸಂಖ್ಯೆಯೇ ಇದೆ. “ಇದು ಹಳೇದ ಬಿಡ್ರಿ” ಎಂದು ಅವರನ್ನು ಹಿಂದಕ್ಕೆ ಕಳಿಸಬಾರದು.

ಹತ್ತಿ ಮತ್ತು ಉಳ್ಳಾಗಡ್ಡಿಯ ಈ ಸೀಮೆಯಲ್ಲಿ ಬಾಯಿಬಿಟ್ಟು ಹೇಳದ ಇನ್ನೊಂದು ಕಾರಣವೂ ಇದೆ. ಹೊಲಕ್ಕೆ ಹೊಡೆಯುವ ಎಣ್ಣಿ, ಅಂದರೆ ಕೀಟನಾಶಕ. ಆರ್ಗನೋಫಾಸ್ಫರಸ್ ವಿಷ ಮೈಗೆ ಹೋಗಿ ಜೀವ ಉಳಿದವರಲ್ಲಿ ಕೆಲವರಿಗೆ ಎರಡು ಮೂರು ವಾರಗಳ ಬಳಿಕ ಪಾದ ಜೋಲುತ್ತದೆ, ಅಂಗೈ ಸೊರಗುತ್ತದೆ. ಅಷ್ಟರಲ್ಲಿ ವಾರ್ಡಿನಿಂದ ಮನೆಗೆ ಹೋಗಿರುತ್ತಾರೆ. ಹೊಸದಾಗಿ ಬಂದ ಕಾಲಿನ ಸೋಲನ್ನು ತೋರಿಸಲು ಬೇರೆ ಆಸ್ಪತ್ರೆಗೆ ಹೋದಾಗ ಮೊದಲಿನ ಸಂಗತಿ ಹೇಳಲು ನಾಚಿಕೆ, ಅಂಜಿಕೆ. ವಿಷಕ್ಕೆ ಟಿ 60.0, ನರದ ಹಾನಿಗೆ ಜಿ 62.2. ಎರಡೂ ಒಟ್ಟಿಗೆ ದಾಖಲಾಗದಿದ್ದರೆ ಈ ಎಣ್ಣಿ ನಮ್ಮ ಜನರ ಕೈಕಾಲುಗಳಿಗೆ ಮಾಡುತ್ತಿರುವುದು ಸರ್ಕಾರದ ಲೆಕ್ಕಕ್ಕೆ ಎಂದೂ ಬರುವುದಿಲ್ಲ. ಅಂಥವರನ್ನು ಮನೆಯವರು ಬೈಯದೆ, ಮುಚ್ಚಿಡದೆ, ವೈದ್ಯರಿಗೆ ಒಂದೊಂದನ್ನೂ ಬಿಡಿಸಿ ಹೇಳಬೇಕು.

ಸಂಜೆ ಖಾನಾವಳಿಯಲ್ಲಿ ಆಯುರ್ವೇದ ಓದುವ ಇಬ್ಬರು ವಿದ್ಯಾರ್ಥಿಗಳು ಸಿಕ್ಕರು. ಕಪ್ಪತಗುಡ್ಡದ ಔಷಧಿ ಸಸ್ಯಗಳಿಂದ ಶುರುವಾದ ಮಾತು ನನ್ನ ವಿಷಯಕ್ಕೇ ಬಂತು. ಸುಶ್ರುತ ಸಂಹಿತೆ ಮಾಂಸಕ್ಷಯದ ಲಕ್ಷಣವಾಗಿ ಕುಂಡೆ, ಕೆನ್ನೆ, ತೊಡೆ, ಎದೆ, ಕಂಕುಳು, ಮೀನಖಂಡ, ಕತ್ತು ಬತ್ತುವುದನ್ನು ಒಂದೊಂದಾಗಿ ಎಣಿಸುತ್ತದೆ. ಭುಜ ಬತ್ತಿದರೆ ಅಂಸಶೋಷ, ತೋಳು ಹಿಡಿದರೆ ಅವಬಾಹುಕ. ಇವಕ್ಕೆಲ್ಲ ಸಂಖ್ಯೆ ಕೊಡುವ ನಮಸ್ತೆ ಪೋರ್ಟಲ್ಲನ್ನು ಆಯುಷ್ ಸಚಿವಾಲಯ 2017ರಲ್ಲಿ ತೆರೆಯಿತು. ಐಸಿಡಿ ಹನ್ನೊಂದರಲ್ಲಿ ಆಯುರ್ವೇದ, ಸಿದ್ಧ, ಯುನಾನಿಗಳ ಭಾಗ ಸೇರಿ 2024ರ ಜನವರಿ 10ರಂದು ದೆಹಲಿಯಲ್ಲಿ ಬಿಡುಗಡೆಯಾಯಿತು. ಒಬ್ಬನೇ ರೋಗಿಯ ಹಾಳೆಯಲ್ಲಿ ಎರಡೂ ಪದ್ಧತಿಯ ಸಂಖ್ಯೆಗಳು ನಿಲ್ಲುವ ಕಾಲ ಇದು. ವಾತವ್ಯಾಧಿ ಎಂದು ಎಣ್ಣೆ ಹಚ್ಚಿಸಿಕೊಳ್ಳಲು ಬಂದ ಹುಡುಗ ನೆಲದಿಂದ ಹೇಗೆ ಏಳುತ್ತಾನೆಂದು ಒಮ್ಮೆ ನೋಡಿ, ಅನುಮಾನ ಬಂದರೆ ಜಿಲ್ಲಾಸ್ಪತ್ರೆಗೆ ಬರೆದು ಕಳಿಸುವ ಆಯುರ್ವೇದ ವೈದ್ಯರು ಇಂಥ ತಾಲ್ಲೂಕಿಗೆ ದೊಡ್ಡ ಆಸರೆ. ಹಾಗೇ ಮಾಡುತ್ತೇವೆಂದು ಇಬ್ಬರೂ ಹೇಳಿದರು, ನನಗೆ ಸಂತೋಷವಾಯಿತು.

ಮರುದಿನ ಹಮ್ಮಿಗಿ ಬ್ಯಾರೇಜಿನ ಕಡೆಯ ಹಳ್ಳಿಯೊಂದಕ್ಕೆ ಹೋದಾಗ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತೆ ತಮ್ಮ ವಹಿ ತೆರೆದು ತೋರಿಸಿದರು. ಅಂಗವಿಕಲರ ಮನೆ ಮನೆಗೆ ನಡೆದು ಹೋಗುವವರು ಇವರು. ಅಂಗನವಾಡಿಯಲ್ಲಿ ಮಗುವಿನ ತೋಳಿಗೆ ಸುತ್ತುವ ಬಣ್ಣದ ಪಟ್ಟಿ 11.5 ಸೆಂ.ಮೀ.ಗಿಂತ ಕೆಳಗೆ ಕೆಂಪು ತೋರಿಸಿದರೆ ಪೌಷ್ಟಿಕ ಪುನರ್ವಸತಿ ಕೇಂದ್ರಕ್ಕೆ ಕಳಿಸಬೇಕೆಂದು ಅವರಿಗೆ ಗೊತ್ತು. ಬಿಳುಪು ಮಚ್ಚೆಯ ಜತೆ ಕಿರುಬೆರಳು ಮಡಚಿಕೊಂಡಿದ್ದರೆ ಕುಷ್ಠದ ತಪಾಸಣೆಗೆ ಕಳಿಸಬೇಕೆಂದೂ ಗೊತ್ತು. ಈ ಕಾರ್ಯಕರ್ತೆಯ ಸಲಹೆಗಳನ್ನು ಇಲ್ಲಿ ಬರೆಯುತ್ತೇನೆ, ಓದುಗರ ಮನೆಯಲ್ಲೂ ಇಂಥವರು ಇರಬಹುದು. ಹಳೆಯ ಚೀಟಿ, ಡಿಸ್ಚಾರ್ಜ್ ಕಾರ್ಡುಗಳನ್ನು ಎಸೆಯಬಾರದು. ಸೊರಗಿದ್ದು ಯಾವ ವಯಸ್ಸಿನಲ್ಲಿ ಶುರುವಾಯಿತು, ಎಡವೋ ಬಲವೋ, ಬೆಳೆಯುತ್ತಿದೆಯೋ ನಿಂತಿದೆಯೋ ಎಂದು ಮನೆಯಲ್ಲೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಬೇಕು. ಮನೆತನದಲ್ಲಿ, ತಾಯಿಯ ತವರಿನಲ್ಲಿ ಹೀಗೆ ಬೇರೆಯವರಿಗೆ ಆಗಿತ್ತೇ, ಮದುವೆ ಸೋದರಿಕೆಯದೇ ಎಂಬುದನ್ನು ಅಂಜದೆ ಹೇಳಬೇಕು. ನೆಲದಿಂದ ಏಳುವುದನ್ನು, ನಡೆಯುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ಒಯ್ದರೆ ವೈದ್ಯರಿಗೆ ಅನುಕೂಲ. ಬಿಪಿಎಲ್ ಕಾರ್ಡು, ಆಧಾರ್ ಜತೆಗಿರಲಿ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಗೆ ಬೇಕಾಗುತ್ತವೆ. ಅಪರೂಪದ ಜೀನಿನ ಕಾಯಿಲೆ ಎಂದು ತಿಳಿದುಬಂದರೆ 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಡಿ ಗುರುತಿಸಿದ ಕೇಂದ್ರ ಬೆಂಗಳೂರಿನಲ್ಲಿದೆ. ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಸೇರಿ ಅದನ್ನು ನಡೆಸುತ್ತವೆ. ವೈದ್ಯರ ಕೋಣೆಯಿಂದ ಹೊರಬರುವ ಮುಂಚೆ ಚೀಟಿಯ ಮೇಲೆ ಬರೆದ ಕಾಯಿಲೆಯ ಹೆಸರನ್ನು ಓದಿ ಹೇಳಲು ಕೇಳಬೇಕು. ಕಾರಣ ಇನ್ನೂ ತಿಳಿದಿಲ್ಲವಾದರೆ, ತಿಳಿಯಲು ಮುಂದೆ ಯಾವ ಪರೀಕ್ಷೆ, ಯಾವ ಊರು ಎಂಬುದನ್ನು ಅದೇ ಚೀಟಿಯಲ್ಲಿ ಬರೆಸಿಕೊಳ್ಳಬೇಕು.